ಲಗಮಣ್ಣ ಹೇಳದ ಲೆಕ್ಕ

ಮುಂಬೈ
5 ಆಗಸ್ಟ್ 2024

ಅಕ್ಕಾ ಗುರವ್ವ,

ನಿನಗೆ ಹೇಳದೆ ಮಾಡಗ್ಯಾಳ ಬಿಟ್ಟು ಮುಂಬೈಗೆ ಬಂದಿದ್ದೇನೆ. ಈ ಕಾಗದ ಕೈಗೆ ಬರುವ ಹೊತ್ತಿಗೆ ಯಾರಿಂದಲೋ ಸುದ್ದಿ ಕೇಳಿ ನನ್ನನ್ನು ಅರ್ಧ ಬೈದು ಮುಗಿಸಿರುತ್ತೀ. ಉಳಿದರ್ಧ ಬರೆದು ಕಳಿಸು. ಫೋನ್ ಮಾಡೋಣವೆಂದರೆ ನಿನ್ನ ಕಿವಿ ನಿನ್ನ ಮಾತನ್ನೇ ಕೇಳುವುದಿಲ್ಲ. ನಾನು ಇಲ್ಲಿಂದ ಕೂಗಿದರೆ ರೋಗಿಗಳು ಇಳಿದುಕೊಳ್ಳುವ ಈ ಇಡೀ ಧರ್ಮಶಾಲೆಗೆ ನನ್ನ ಹೊಟ್ಟೆಯ ಕಥೆ ಗೊತ್ತಾಗುತ್ತದೆ, ನಿನಗೊಬ್ಬಳಿಗೆ ಬಿಟ್ಟು. ಜತ್ತದಿಂದ ಬರುವ ಟ್ರಾವೆಲ್ಸ್ ಗಾಡಿಯ ಡ್ರೈವರ್ ಧೂಳಪ್ಪ ನಮ್ಮವನೇ. ಬುತ್ತಿಯ ಜೊತೆ ಕಾಗದವನ್ನೂ ತಂದುಕೊಡುತ್ತೇನೆ ಎಂದಿದ್ದಾನೆ. ಹೇಗೂ ಸಾಲಿಯಲ್ಲಿ ನಿನ್ನ ಅಕ್ಷರ ನನ್ನದಕ್ಕಿಂತ ದುಂಡಗಿತ್ತು ಎಂದು ಈಗಲೂ ಹೇಳಿಕೊಳ್ಳುತ್ತೀಯಲ್ಲ, ತೋರಿಸು ನೋಡೋಣ.

ವಿಷಯ ಇಷ್ಟೇ. ಕುರಿಗಳ ಹಿಂದೆ ನಾಲ್ಕು ಹೆಜ್ಜೆ ಹಾಕಿದರೆ ಕೂರಬೇಕು ಅನ್ನಿಸುತ್ತಿತ್ತು. ಬೇವಿನ ಕಡ್ಡಿ ಹಾಕಿ ಹಲ್ಲು ತಿಕ್ಕಿದರೆ ವಸಡಿನಿಂದ ರಕ್ತ. ಜತ್ತದ ಡಾಕ್ಟರು ಹೊಟ್ಟೆಯ ಫೋಟೋ ತೆಗೆದು ಇಲ್ಲಿಗೆ ಕಳಿಸಿದರು. ಲಿವರಿನಲ್ಲಿ ಬಾರೆಹಣ್ಣಿನಷ್ಟು ಗಂಟು ಇದೆಯಂತೆ. ಉದ್ದನೆಯ ಸೂಜಿ ಚುಚ್ಚಿ ಅದನ್ನು ಸುಡುತ್ತಾರಂತೆ. ಕುರಿಗೆ ನಾವು ಬರೆ ಹಾಕುವುದಿಲ್ಲವೇ, ಹಾಗೆ.

ಆದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿರುತ್ತವೆ. ಗಾಯವಾದಾಗ ಓಡಿಬಂದು ಅದರ ಬಾಯಿ ಮುಚ್ಚುವುದು ಅವುಗಳ ಕೆಲಸ. ನನ್ನಲ್ಲಿ ಮೂವತ್ತೆಂಟು ಸಾವಿರ ಮಾತ್ರ ಇವೆ. ಐವತ್ತು ಸಾವಿರವಾದರೂ ಇರಬೇಕು, ಇಲ್ಲದಿದ್ದರೆ ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲುವುದಿಲ್ಲ ಎಂದು ಇಲ್ಲಿಯ ಹೆಣ್ಣು ಡಾಕ್ಟರು ಹೇಳಿದ್ದಾರೆ, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಾರೆ. ಮಗ ಬೀರದೇವ ನನ್ನ ಜೊತೆಗಿದ್ದಾನೆ. ಕುರಿಗಳ ಹತ್ತಿರ ಸಂಗವ್ವ ಇದ್ದಾಳೆ. ನೀನು ಊರೆಲ್ಲ ಸಾರಬೇಡ.

ನಿನ್ನ ತಮ್ಮ
ಲಗಮಣ್ಣ


ಮುಚ್ಚಂಡಿ
9 ಆಗಸ್ಟ್ 2024

ಲಗಮಾ,

ಉಳಿದರ್ಧ ಇಲ್ಲಿದೆ, ಕುಳಿತುಕೊಂಡು ಓದು. ಒಡಹುಟ್ಟಿದವಳಿಗೆ ಹೇಳದೆ ಹೋಗಲು ನಾನೇನು ನಿನ್ನ ಹೊಲದ ಬದುವಿನ ಜಗಳಗಾರಳೇ? ನಿನ್ನ ಹೆಂಡತಿಗೆ ಗೊತ್ತು, ನಿನ್ನ ಮಗನಿಗೆ ಗೊತ್ತು, ಡ್ರೈವರ್ ಧೂಳಪ್ಪನಿಗೂ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳು. ಕಿವಿ ಕೇಳದವರಿಗೆ ಹೊಟ್ಟೆಯೂ ಉರಿಯುವುದಿಲ್ಲ ಎಂದು ತಿಳಿದಿದ್ದೀಯಾ?

ಇರಲಿ. ಪ್ಲೇಟ್‌ಲೆಟ್ ಎಂದರೆ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ಹೋದ ಮಳೆಗಾಲದಲ್ಲಿ ಮುಚ್ಚಂಡಿಯ ಓಣಿಗೊಬ್ಬರಿಗೆ ಡೆಂಗಿ ಬಂದಾಗ ಸಣ್ಣ ಮಕ್ಕಳ ಬಾಯಲ್ಲೂ ಅದೇ ಮಾತು. ಪಪಾಯಿ ಎಲೆಯ ರಸ ಕುಡಿದವರೆಲ್ಲ ಎದ್ದು ಕುಳಿತರು. ನಮ್ಮ ಹಿತ್ತಲಿನ ಗಿಡವನ್ನು ಬೋಳಿಸಿ ಎಲೆ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೇನೆ. ಬೆಳಿಗ್ಗೆ ಸಂಜೆ ನೀರಲ್ಲಿ ಕಲಸಿ ಕುಡಿ. ಕಹಿ ಇರುತ್ತದೆ, ಮುಖ ಸಿಂಡರಿಸಬೇಡ. ಹತ್ತು ರೊಟ್ಟಿ, ಶೇಂಗಾ ಚಟ್ನಿ, ಮಡಕೆಕಾಳಿನ ಪಲ್ಲೆ ಇವೆ.

ಇನ್ನು ನಿನ್ನ ಲೆಕ್ಕ. ಮೂವತ್ತೆಂಟು ಸಾವಿರವಂತೆ. ಯಾರ ಮುಂದೆ ಆಡುತ್ತೀ ಈ ಆಟ? ಹಿಂಡಿನಲ್ಲಿ ಅರವತ್ತು ಕುರಿ ಇದ್ದಾಗ ಯಾರು ಕೇಳಿದರೂ ಅಪ್ಪ ನಲವತ್ತು ಎನ್ನುತ್ತಿದ್ದ. "ಬೀರಪ್ಪ ದೇವರ ಹಿಂಡು, ನಾವು ಎಣಸಿ ಹೇಳಿದ್ರ ಕರಗತೈತಿ" ಎಂದು ನಮಗೆ ಎಣಿಸಲೂ ಬಿಡುತ್ತಿರಲಿಲ್ಲ. ನೀನಂತೂ ಅಪ್ಪನಿಗಿಂತ ಒಂದು ಕೈ ಮೇಲು. ನಿನ್ನ ಮದುವೆಯಲ್ಲಿ ಬೀಗರು ಕೇಳಿದಾಗ "ಏನೋ ನಾಕ ಕುರಿ ಅದಾವ್ರಿ" ಎಂದವನು ನೀನು. ಹೀಗಾಗಿ ನೀನು ಮೂವತ್ತೆಂಟು ಎಂದು ಬರೆದದ್ದನ್ನು ನಾನು ಐವತ್ತೆಂಟು ಎಂದು ಓದಿಕೊಂಡು ಸಮಾಧಾನವಾಗಿದ್ದೇನೆ. ಡಾಕ್ಟರ ಮುಂದಾದರೂ ಖರೇ ಹೇಳು, ಅವರ ದೃಷ್ಟಿ ತಗಲುವುದಿಲ್ಲ.

ಮಂಗಲ ಬಸ್ ಡಿಪೋದಿಂದ ಈಗ ಬಂದಳು. ಯಜಮಾನರು ಹೋದ ಮೇಲೆ ಈ ಮಗಳೇ ನನಗೆ ಗಂಡುಮಗ. ತನ್ನ ಕಂಡಕ್ಟರ್ ಚೀಲವನ್ನು ಹೆಗಲಿಂದ ಇಳಿಸುವುದಕ್ಕೂ ಮೊದಲು ಮಾಮನ ಕಾಗದ ಬಂತೇ ಎಂದು ಕೇಳಿದಳು. ತಮ್ಮನ ಕಾಗದ ಅಕ್ಕನಿಗೆ ಮಾತ್ರ ಎಂದು ಮುಚ್ಚಿಟ್ಟಿದ್ದೇನೆ.

ಗುರವ್ವ


ಮುಂಬೈ
19 ಆಗಸ್ಟ್ 2024

ಅಕ್ಕಾ,

ನಿನ್ನ ಡಬ್ಬಿಯನ್ನು ಡಾಕ್ಟರ್ ಬಾಯಿಗೆ ತೋರಿಸಿದೆ. ಮುಚ್ಚಳ ತೆಗೆದು ಮೂಸಿ ನೋಡಿದರು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬೀಳುವುದೇ ಬೇರೆ, ಲಿವರ್ ಕೆಟ್ಟು ಬೀಳುವುದೇ ಬೇರೆಯಂತೆ. ಸೋತ ಲಿವರಿನ ಮೇಲೆ ಎಲೆ, ಬೇರು, ಪುಡಿ ಏನನ್ನೂ ಹೇರಬೇಡಿ ಎಂದು ಗದರಿಸಿದರು. ಗದರಿಸಿದ್ದು ನನಗಲ್ಲ, ನಿನಗೆ ಎಂದು ತಿಳಿದು ತಲೆಯಾಡಿಸಿದೆ. ನಿನ್ನ ಪಪಾಯಿ ಗಿಡ ಬೋಳಾದದ್ದು ದಂಡ.

ಆಮೇಲೆ ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಎಂಬ ಅಂಗ ಇರುತ್ತದೆ. ಲಿವರ್ ಗಟ್ಟಿಯಾದರೆ ರಕ್ತ ಸರಾಗವಾಗಿ ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ಆಗ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನೆಲ್ಲ ತನ್ನೊಳಗೆ ಕೂಡಿಹಾಕಿಕೊಳ್ಳುತ್ತದೆ. ಹೊಸವನ್ನು ಹುಟ್ಟಿಸಿರೆಂದು ಹೇಳಿ ಕಳಿಸುವ ಕೆಲಸ ಲಿವರಿನದು, ಅದೂ ಸೋತಿರುತ್ತದೆ. ಹಾಗಾದರೆ ಕುರಿ ಪೂರಾ ಸತ್ತಿಲ್ಲ, ಬೇರೆಯವರ ದೊಡ್ಡಿಯಲ್ಲಿ ಸಿಕ್ಕಿಕೊಂಡಿವೆ ಅನ್ನಿ ಎಂದೆ. ಅವರು ನಕ್ಕುಬಿಟ್ಟರು. ಅಂದಿನಿಂದ ನನ್ನ ಹೊಟ್ಟೆ ಒತ್ತಿ ನೋಡುವಾಗಲೆಲ್ಲ ದೊಡ್ಡಿ ಹೇಗಿದೆ ಎಂದೇ ಕೇಳುತ್ತಾರೆ.

ಧರ್ಮಶಾಲೆಯಲ್ಲಿ ನನ್ನ ಪಕ್ಕದ ಹಾಸಿಗೆ ಉಮದಿ ಕಡೆಯ ಮುರಗೆಪ್ಪನದು, ಕಿರಾಣಿ ಅಂಗಡಿಯವನು. ಅವನಿಗೂ ಲಿವರಿನದೇ ಕಾಯಿಲೆ. ಆದರೆ ಅವನ ಪ್ಲೇಟ್‌ಲೆಟ್ ನಾಲ್ಕು ಲಕ್ಷದ ಮೇಲಿವೆ. ಎದೆ ಉಬ್ಬಿಸಿಕೊಂಡು ಎಲ್ಲರಿಗೂ ಹೇಳುತ್ತಾನೆ. ಸುಳ್ಳು ಯಾಕೆ ಬರೆಯಲಿ, ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ತುಂಬಿದ ಹಿಂಡಿನವನ ಪಕ್ಕ ಬರಿಗೈಯವನು ಮಲಗಿದಂತೆ ಮಲಗುತ್ತೇನೆ.

ನನ್ನ ಲೆಕ್ಕದ ವಿಷಯದಲ್ಲಿ ನಿನ್ನ ಕಣ್ಣು ತಪ್ಪಿಸಲಾಗುವುದಿಲ್ಲ. ನೀನು ಓದಿಕೊಂಡದ್ದೇ ಸರಿ. ಚಿಂತೆ ಬಿಡು. ರೊಟ್ಟಿ ಬಹಳ ಚೆನ್ನಾಗಿದ್ದವು.

ಲಗಮಣ್ಣ


ಮುಚ್ಚಂಡಿ
30 ಆಗಸ್ಟ್ 2024

ಲಗಮಾ,

ಮೊನ್ನೆ ಮಾಡಗ್ಯಾಳಕ್ಕೆ ಹೋಗಿದ್ದೆ. ಕುರಿಗಳು ಚೆನ್ನಾಗಿವೆ. ನಿನ್ನ ಆ ಗಿಣಿಮೂಗಿನ ಟಗರು ನನ್ನ ಸೀರೆಯ ಸೆರಗು ಅಗಿಯಿತು, ಯಜಮಾನನ ಬುದ್ಧಿಯೇ ಅದಕ್ಕೂ ಬಂದಿದೆ. ಸಂಗವ್ವ ಚಹಾ ಕೊಟ್ಟಳು, ಮುಖ ಕೊಡಲಿಲ್ಲ. ಕಣ್ಣು ಯಾಕೆ ಊದಿವೆ ಎಂದರೆ "ಒಲಿ ಹೊಗಿ ಅಕ್ಕಾರ" ಅಂದಳು. ಮನೆಯಲ್ಲಿ ಗ್ಯಾಸ್ ಒಲೆ ಉರಿಯುತ್ತಿತ್ತು.

ನಾನೂ ಕುರುಬರ ಮಗಳು, ಲೆಕ್ಕ ನನಗೂ ಬರುತ್ತದೆ. ಐವತ್ತು ಸಾವಿರ ಆದರೆ ಸೂಜಿ ಹಾಕುತ್ತೇವೆ ಎಂದು ಡಾಕ್ಟರ್ ಬಾಯಿ ಹೇಳಿದ್ದಾಗಿ ಬರೆದವನು ನೀನೇ. ಐವತ್ತೆಂಟು ಇದ್ದರೆ ಇಷ್ಟು ದಿನವಾದರೂ ಸೂಜಿಗೆ ಯಾಕೆ ದಿನ ಗೊತ್ತಾಗಿಲ್ಲ?

ಇನ್ನೊಂದು ಮಾತು. ಹೋದ ಸಲ ನಾನು ಕಳಿಸಿದ ರೊಟ್ಟಿ ಸೀದಿದ್ದವು. ನಿನ್ನ ಯೋಚನೆಯಲ್ಲಿ ಹಂಚಿನ ಮೇಲೆಯೇ ಮರೆತಿದ್ದೆ. ಬೇರೆ ಮಾಡುವಷ್ಟರಲ್ಲಿ ಗಾಡಿಯ ಹೊತ್ತಾಯಿತು, ನೀನು ಬೈದು ಬರೆಯುತ್ತೀ ಎಂದು ಕಾಯುತ್ತಿದ್ದೆ. ನೀನು ಬಹಳ ಚೆನ್ನಾಗಿದ್ದವು ಎಂದು ಬರೆದೆ. ಹುಟ್ಟಿದಾಗಿನಿಂದ ನನ್ನ ಅಡುಗೆಯನ್ನು ಹೊಗಳದವನು ನೀನು. ಅದನ್ನು ಓದಿಯೇ ನಾನು ಮಾಡಗ್ಯಾಳದ ದಾರಿ ಹಿಡಿದದ್ದು. ಏನಿದೆಯೋ ಬಾಯಿಬಿಟ್ಟು ಬರಿ.

ಗುರವ್ವ


ಮುಂಬೈ
8 ಸೆಪ್ಟೆಂಬರ್ 2024

ಅಕ್ಕಾ,

ಬರೆಯುತ್ತೇನೆ. ಮೂವತ್ತೆಂಟು ಎಂದದ್ದು ನಿಜವಾದ ಲೆಕ್ಕವೇ. ನೀನು ಹೆಚ್ಚು ಮಾಡಿ ಓದಿಕೊಂಡಾಗ ನಿನಗೆ ನೆಮ್ಮದಿಯಾಗುವುದಾದರೆ ಆಗಲಿ ಎಂದು ಸುಮ್ಮನಾದೆ. ಈಗ ಅದು ಮೂವತ್ತೊಂದಕ್ಕೆ ಇಳಿದಿದೆ.

ಆ ಗಂಟು ಕ್ಯಾನ್ಸರ್. ಈ ಶಬ್ದ ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು. ಕಾಮಾಲೆ ತರುವ ಬಿ ಎಂಬ ವೈರಸ್ ಎಷ್ಟೋ ವರ್ಷಗಳಿಂದ ನನ್ನ ಮೈಯಲ್ಲಿ ಸದ್ದಿಲ್ಲದೆ ಕುಳಿತು ಲಿವರ್ ಕೆಡಿಸಿದೆ. ನಾನು ಹೆಂಡ ಮುಟ್ಟಿದವನಲ್ಲ, ನಿನಗೆ ಗೊತ್ತಿದೆ. ಗಂಟು ಇನ್ನೂ ಚಿಕ್ಕದು, ಒಂದೇ ಇದೆ. ಈಗಲೇ ಸುಟ್ಟರೆ ನಿರ್ನಾಮವಾಗಬಹುದು. ತಡವಾದರೆ ಬೆಳೆಯುತ್ತದೆ, ಬೆಳೆದರೆ ಸೂಜಿಯಿಂದ ಆಗುವುದಿಲ್ಲ. ನಾನು ಹೆದರಿದ್ದೇನೆ.

ಮುರಗೆಪ್ಪನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನಾಚಿಕೆಯಾಗಿದೆ. ಅವನ ಗಂಟು ತೆಂಗಿನಕಾಯಿಯಷ್ಟಿದೆ. ಅಷ್ಟು ದೊಡ್ಡದಾದ ಗಂಟು ಕೆಲವೊಮ್ಮೆ ತಾನೇ ಹುಕುಂ ಕೊಟ್ಟು ಪ್ಲೇಟ್‌ಲೆಟ್ ಹುಟ್ಟಿಸುತ್ತದೆಯಂತೆ. ಅವನ ನಾಲ್ಕು ಲಕ್ಷ ಆರೋಗ್ಯದ ಲೆಕ್ಕವಲ್ಲ, ಗಂಟಿನ ಲೆಕ್ಕ. ಹಿಂಡು ದೊಡ್ಡದಿದ್ದವನೇ ಸುಖಿ ಎಂದು ಅರವತ್ತು ವರ್ಷ ನಂಬಿದ್ದೆ. ಅವನಿಗೆ ಗುಳಿಗೆ ಕೊಟ್ಟು ಊರಿಗೆ ಕಳಿಸಿದ್ದಾರೆ. ಹೋಗುವಾಗ ತನ್ನ ಹೊದಿಕೆಯನ್ನು ನನಗೆ ಕೊಟ್ಟು ಹೋದ, ಒಳ್ಳೆಯ ಮನುಷ್ಯ.

ನನ್ನ ಲೆಕ್ಕ ತಾನಾಗಿ ಏರುವುದಿಲ್ಲ. ಹಾಗಾಗಿ ಗಟ್ಟಿಮುಟ್ಟಾದ ಒಬ್ಬರ ಪ್ಲೇಟ್‌ಲೆಟ್‌ಗಳನ್ನು ಯಂತ್ರದಿಂದ ಸೋಸಿ ತೆಗೆದು, ಸೂಜಿ ಹಾಕುವ ದಿನ ಬೆಳಿಗ್ಗೆ ನನಗೆ ಏರಿಸುತ್ತಾರೆ. ದಾನಿಯೊಬ್ಬರನ್ನು ಕರೆತನ್ನಿ ಎಂದಿದ್ದಾರೆ. ಬೀರದೇವನ ರಕ್ತದ ಗುಂಪು ಬೇರೆ. ಮಂಗಲಳದು ನನ್ನದೇ ಗುಂಪು, ಅವಳ ಡಿಪೋ ಗುರುತಿನ ಚೀಟಿಯ ಮೇಲೆ ನೋಡಿದ್ದೇನೆ ಎಂದು ಅವನು ಹೇಳಿದ. ಅಕ್ಕಾ, ಅವಳಿಗೆ ಈ ವಿಷಯ ಹೇಳಬೇಡ. ತವರು ಎಂದರೆ ಕೊಡುವ ಮನೆ. ಸೀರೆ, ಕುಬಸ, ತೊಟ್ಟಿಲು ಎಲ್ಲ ಇಲ್ಲಿಂದ ಅಲ್ಲಿಗೆ ಹೋಗಬೇಕೇ ಹೊರತು ಅಲ್ಲಿಂದ ಇಲ್ಲಿಗೆ ಬರಬಾರದು. ಅಪ್ಪ ನಿನ್ನ ಮನೆಗೆ ಬಂದರೆ ನೀರೂ ಕುಡಿಯುತ್ತಿರಲಿಲ್ಲ. ಸೋದರಮಾವನಾದ ನಾನು ಅಕ್ಕನ ಮಗಳ ಮೈಯಿಂದಲೇ ತೆಗೆದುಕೊಳ್ಳಲಾರೆ. ಬೇರೆ ಯಾರಾದರೂ ಸಿಗುತ್ತಾರೆ, ಕಾಯುತ್ತೇನೆ.

ಲಗಮಣ್ಣ


ಮುಚ್ಚಂಡಿ
12 ಸೆಪ್ಟೆಂಬರ್ 2024

ಲಗಮಾ,

ನಿನ್ನ ಕಾಗದ ಓದಿ ಹಿತ್ತಲಿಗೆ ಹೋಗಿ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ.

ಅಪ್ಪ ನನ್ನ ಮನೆಯ ನೀರು ಕುಡಿಯುತ್ತಿರಲಿಲ್ಲ ಎಂದು ದೊಡ್ಡ ಹೆಮ್ಮೆಯಿಂದ ಬರೆದಿದ್ದೀ. ಬೇಸಿಗೆಯಲ್ಲಿ ಮಾಡಗ್ಯಾಳದಿಂದ ನಡೆದು ಬರುತ್ತಿದ್ದ. ತುಟಿ ಒಡೆದಿರುತ್ತಿದ್ದವು. ನಾನು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ, ಅವನು ಮುಖ ಆಚೆ ತಿರುಗಿಸಿ ಮೊಮ್ಮಗಳನ್ನು ಎತ್ತಿಕೊಂಡು ಎರಡು ಮಾತಾಡಿ ಹೊರಟುಬಿಡುತ್ತಿದ್ದ. ಅವನ ಬೆನ್ನು ಮರೆಯಾಗುವ ತನಕ ನೋಡುತ್ತಿದ್ದೆ. ಆ ತಂಬಿಗೆಯ ನೀರನ್ನು ಏನು ಮಾಡಬೇಕೆಂದು ನನಗೆ ಎಂದೂ ತಿಳಿಯಲಿಲ್ಲ. ಸತ್ತ ಮೇಲೆ ಅವನ ಬಾಯಿಗೆ ನೀರು ಬಿಟ್ಟೆನಲ್ಲ, ಅದೇ ನನ್ನ ಕೈಯಿಂದ ಅಪ್ಪನಿಗೆ ಮುಟ್ಟಿದ ಮೊದಲ ನೀರು. ಇದನ್ನೇ ನೀನು ನನಗೆ ಪದ್ಧತಿ ಎಂದು ತೋರಿಸುತ್ತೀ.

ತವರು ಅಂದರೆ ಮಾಡಗ್ಯಾಳದ ಆ ಮಣ್ಣಿನ ಗೋಡೆಯಲ್ಲ. ಅಪ್ಪ ಹೋದ, ಅವ್ವ ಹೋದಳು, ಉಳಿದದ್ದು ನೀನು. ನೀನೂ ಹೋದರೆ ನಾನು ಯಾವ ಬಾಗಿಲಿಗೆ ಹೋಗಿ ನಿಲ್ಲಲಿ? ಕೊಡುವ ಮನೆಯೇ ಬಿದ್ದು ಹೋದರೆ ಕೊಡುವವರು ಯಾರು, ಕೊಳ್ಳುವವರು ಯಾರು?

ನಿನ್ನೆ ಜತ್ತದಲ್ಲಿ ರಕ್ತದಾನದ ಶಿಬಿರ ಇತ್ತು. ಹೋಗಿ ಸಾಲಿನಲ್ಲಿ ನಿಂತೆ. ವಯಸ್ಸು ಕೇಳಿದರು. ನಮ್ಮ ಮನೆಯ ರೂಢಿಯಂತೆ ಕಡಿಮೆ ಮಾಡಿ ಐವತ್ತೈದು ಎಂದೆ. ಆ ಹುಡುಗಿ ನನ್ನ ಆಧಾರ್ ಕಾರ್ಡ್ ನೋಡಿ, "ಆಜಿ, ಇದರಾಗ ಅರವತ್ನಾಕ ಐತಲ್ರಿ" ಎಂದಳು. ಅರವತ್ತು ದಾಟಿದವರಿಂದ ಮೊದಲ ಸಲ ರಕ್ತ ತೆಗೆಯುವುದಿಲ್ಲವೆಂದು ಚಹಾ ಬಿಸ್ಕತ್ತು ಕೊಟ್ಟು ಕಳಿಸಿದರು. ನನ್ನಿಂದ ಆಗುವುದಿದ್ದರೆ ನಿನ್ನನ್ನು ಕೇಳುತ್ತಲೂ ಇರಲಿಲ್ಲ.

ಮಂಗಲಳಿಗೆ ರಜೆ ಸಿಗುವುದಿಲ್ಲ, ಅವಳು ಬರುವುದಿಲ್ಲ. ನೀನು ನಿಶ್ಚಿಂತೆಯಾಗಿರು.

ಗುರವ್ವ


ಮುಂಬೈ
21 ಸೆಪ್ಟೆಂಬರ್ 2024

ಅಕ್ಕಾ,

ನಿಶ್ಚಿಂತೆಯಾಗಿರು ಎಂದು ನೀನು ಬರೆದಾಗಲೇ ನಾನು ಎಚ್ಚರವಾಗಬೇಕಿತ್ತು. ಸೋಮವಾರ ಬೆಳಿಗ್ಗೆ ಧರ್ಮಶಾಲೆಯ ಮೆಟ್ಟಿಲ ಮೇಲೆ ಖಾಕಿ ಅಂಗಿ ಕಂಡಿತು. ಇಲ್ಲಿಗೂ ಎಸ್.ಟಿ. ಬಸ್ಸು ಬಂತೇ ಎಂದುಕೊಂಡೆ.

"ಯಾರು ಕರದ್ರು ನಿನ್ನ?" ಎಂದು ಕೇಳಿದೆ.

"ಯಾರೂ ಕರದಿಲ್ರಿ ಮಾಮಾ. ಡ್ಯೂಟಿ ಮುಗಸಿ ಹಂಗ ಗಾಡಿ ಹತ್ತೀನಿ."

"ನಿಮ್ಮವ್ವ ಏನಂದ್ಳು?"

"ಹೋಗಬ್ಯಾಡ ಅಂದ್ಳು. ಹೋಗೂದಾದ್ರ ಹಸದ ಹೋಗಬ್ಯಾಡ ಅಂತ ಬುತ್ತಿ ಕಟ್ಟಿ ಕೊಟ್ಳು."

ನಾನು ಪದ್ಧತಿಯ ಮಾತು ತೆಗೆದೆ. ಅವಳು ನನ್ನೆದುರು ಕೆಳಗೆ ಕುಳಿತಳು. "ಮಾಮಾ, ಕರಿ ಕುರಿ ಉಣ್ಣೆ ಕತ್ತರಿಸಿದ್ರ ಹಿಂಡಿನ್ಯಾಗ ಕುರಿ ಕಡಿಮಿ ಆಗತಾವೇನ್ರಿ? ಇವು ಎರಡ ಮೂರ ದಿನದಾಗ ನನ್ನ ಮೈಯಾಗ ಮತ್ತ ತುಂಬಕೋತಾವಂತ. ನನಗ ಕಡಿಮಿ ಆಗಲಾರದ್ದು ನೀವು ತಗೊಂಡ್ರ ಅದು ತಗೊಂಡಂಗ ಹೆಂಗ ಆತ್ರಿ?"

ಅವಳ ಮಾತಿಗೆ ಉತ್ತರ ಹುಡುಕಬಹುದಿತ್ತು. ಆದರೆ ನಿನ್ನ ಕಾಗದ ಜೇಬಿನಲ್ಲಿತ್ತು. ನೀನು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಿರಲಿಲ್ಲ, ಅಕ್ಕಾ. ಅಪ್ಪನ ಜೊತೆ ನಾನೂ ಎಷ್ಟೋ ಸಲ ಹಾಗೇ ಎದ್ದು ಹೊರಟಿದ್ದೇನೆ. ಮಂಗಲಳ ಚೀಲದಲ್ಲಿ ಬಾಟಲಿ ಇತ್ತು. "ನಿಮ್ಮ ಮನಿ ನೀರೇನವಾ ಅವು?" ಎಂದು ಕೇಳಿದೆ. ಹೌದು ಎಂದಳು. ತೆಗೆದುಕೊಂಡು ಕುಡಿದೆ. ಆಮೇಲೆ ರಕ್ತಕೇಂದ್ರಕ್ಕೆ ಹೊರಟೆವು.

ಅಲ್ಲಿ ಅವಳ ತೂಕ ನೋಡಿದರು, ರಕ್ತ ತಪಾಸಣೆ ಮಾಡಿದರು. ಯಾವ ರೋಗದ ಸೋಂಕೂ ಇಲ್ಲ. ನರ್ಸ್ ಬಾಯಿ ಎಲ್ಲರಿಗೂ ಕೇಳುವಂತೆ "ಎರಡು ಲಕ್ಷ ಎಂಬತ್ತು ಸಾವಿರ" ಎಂದು ಕೂಗಿದರು. ದೃಷ್ಟಿಯಾದೀತು ಎಂದು ನಾನು ಆಚೀಚೆ ನೋಡಿದೆ. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಪ್ಲೇಟ್‌ಲೆಟ್‌ಗಳನ್ನು ಅಲ್ಲೇ ಬಿಟ್ಟು, ಉಳಿದದ್ದೆಲ್ಲ ಅವಳ ಮೈಗೇ ಮರಳುತ್ತಿತ್ತು. ನಡುವೆ ತುಟಿ ಜುಮ್ಮೆನ್ನುತ್ತಿದೆ ಎಂದಳು, ಒಂದು ಗುಳಿಗೆ ಕೊಟ್ಟರು. ಪ್ಲೇಟ್‌ಲೆಟ್ ಕೆಂಪಗಿರುತ್ತವೆ ಎಂದುಕೊಂಡಿದ್ದೆ. ಚೀಲದಲ್ಲಿ ತುಂಬಿದ್ದು ಗೋಧಿ ಹುಲ್ಲಿನ ಬಣ್ಣದ ನೀರು. ಅದನ್ನು ಒಂದು ಹಲಗೆಯ ಮೇಲಿಟ್ಟರು. ಹಲಗೆ ತೊಟ್ಟಿಲಿನಂತೆ ತಾನೇ ತೂಗುತ್ತಿರುತ್ತದೆ. ತೂಗದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ.

ಮರುದಿನ ಬೆಳಿಗ್ಗೆ ನನಗೆ ಏರಿಸಿದರು. ಆಮೇಲೆ ಎಣಿಸಿದಾಗ ಐವತ್ತೆರಡು ಸಾವಿರ ಬಂತು. ಡಾಕ್ಟರ್ ಬಾಯಿ "ಚಲಾ", ನಡೆಯಿರಿ ಎಂದರು. ಸೂಜಿ ಹಾಕುವಾಗ ನಿದ್ದೆಯ ಔಷಧ ಕೊಟ್ಟಿದ್ದರು, ಎಚ್ಚರವಾದಾಗ ಪಕ್ಕೆಯಲ್ಲಿ ಉರಿ ಇತ್ತು. ರಕ್ತ ಸೋರಲಿಲ್ಲ. ಗಂಟು ಪೂರ್ತಿ ಸುಟ್ಟಿದೆಯೋ ಇಲ್ಲವೋ ಎಂದು ಒಂದು ತಿಂಗಳ ನಂತರ ಫೋಟೋ ತೆಗೆದು ಹೇಳುತ್ತಾರೆ. ಅಲ್ಲಿಯವರೆಗೆ ಇಲ್ಲೇ ಇರಬೇಕು.

ಇನ್ನೊಂದು ಕೆಲಸ ಇದೆ. ಈ ವೈರಸ್ ಹೆಚ್ಚಾಗಿ ತಾಯಿಯಿಂದ ಹೆರಿಗೆಯ ಹೊತ್ತಿಗೆ ಮಕ್ಕಳಿಗೆ ಬರುತ್ತದೆಯಂತೆ. ಮನೆಯವರೆಲ್ಲ ತಪಾಸಣೆ ಮಾಡಿಸಬೇಕು ಎಂದಿದ್ದಾರೆ. ಬೀರದೇವನದು ಆಯಿತು, ಅವನಿಗಿಲ್ಲ. ಸಂಗವ್ವನಿಗೆ ಹೇಳಿ ಕಳಿಸಿದ್ದೇನೆ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನೀನೂ ಮಾಡಿಸು.

ಲಗಮಣ್ಣ


ಮುಚ್ಚಂಡಿ
26 ಸೆಪ್ಟೆಂಬರ್ 2024

ಲಗಮಾ,

ಮಂಗಲ ಬಂದು ಎಲ್ಲ ಹೇಳಿದಳು. ನೀನು ನೀರು ಕುಡಿದದ್ದನ್ನು ಎರಡು ಸಲ ಹೇಳಿಸಿಕೊಂಡೆ. ಕಿವಿ ಕೇಳಲಿಲ್ಲ ಎಂದು ನೆಪ ಮಾಡಿದೆ, ಅವಳಿಗೆ ಗೊತ್ತಾಯಿತು.

ಅವಳು ಮರುದಿನವೇ ಡ್ಯೂಟಿಗೆ ಹೋಗಿದ್ದಾಳೆ. ನಾನು ಹಾಲು, ಶೇಂಗಾ ಉಂಡಿ ಎಂದು ಹಿಂದೆ ಬಿದ್ದರೆ "ಯವ್ವಾ, ನಾ ಬಾಣಂತಿ ಅಲ್ಲ" ಎಂದು ಬೈಯುತ್ತಾಳೆ.

ತಪಾಸಣೆಗೆ ಏನು ಅವಸರ? ನನಗೆ ಜ್ವರವಿಲ್ಲ, ನೋವಿಲ್ಲ, ಕಿವಿಯೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಗಟ್ಟಿ. ಮಾಡಿಸಿದರಾಯಿತು. ನಿನ್ನ ಫೋಟೋದ ಸುದ್ದಿ ಬರಲಿ ಮೊದಲು. ಈ ಸಲದ ರೊಟ್ಟಿ ಸೀದಿಲ್ಲ, ಆದರೂ ಬೈದು ಬರಿ.

ಗುರವ್ವ


ಮುಂಬೈ
24 ಅಕ್ಟೋಬರ್ 2024

ಅಕ್ಕಾ,

ಗಂಟು ಸತ್ತಿದೆ. ಫೋಟೋದಲ್ಲಿ ಆ ಜಾಗದಲ್ಲಿ ಸುಟ್ಟ ಕಲೆಯೊಂದು ಬಿಟ್ಟರೆ ಏನೂ ಇಲ್ಲ. ಡಾಕ್ಟರ್ ಬಾಯಿ ತೋರಿಸಿದಾಗ ನಾನು ಬೀರದೇವನ ಮುಖ ನೋಡಿದೆ, ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಕಾಯಿಲೆ ತಿರುಗಿ ಬರಬಹುದು ಎಂದೂ ಹೇಳಿದ್ದಾರೆ, ಮುಚ್ಚಿಡುವುದಿಲ್ಲ. ಮೂರು ಮೂರು ತಿಂಗಳಿಗೆ ಬಂದು ತೋರಿಸಬೇಕು. ವೈರಸ್ಸನ್ನು ಹದ್ದುಬಸ್ತಿನಲ್ಲಿಡಲು ದಿನಕ್ಕೊಂದು ಗುಳಿಗೆ, ಬದುಕಿರುವವರೆಗೆ. ಉಪ್ಪು ಕಡಿಮೆ.

ಮಂಗಲ ಕೊಟ್ಟವು ಕೆಲವೇ ದಿನ ಇದ್ದು ಹೋದವು. ನನ್ನ ಲೆಕ್ಕ ಮತ್ತೆ ಮೂವತ್ತನಾಲ್ಕಕ್ಕೆ ಬಂದಿದೆ. ನಾನು ಗಾಬರಿಯಾದೆ. ಆದರೆ ಸೂಜಿಯ ದಿನಕ್ಕೆ ಬೇಕಿತ್ತು, ಅಂದು ಸಿಕ್ಕಿತು, ದಿನದ ಬಾಳಿಗೆ ಇಷ್ಟರಲ್ಲೇ ನಡೆಯುತ್ತದೆ ಎಂದು ಡಾಕ್ಟರ್ ಬಾಯಿ ಸಮಾಧಾನ ಹೇಳಿದರು. ನಾನು ಎಡವಿ ಬೀಳದ ಹಾಗೆ ನೋಡಿಕೊಳ್ಳಬೇಕು, ಹಲ್ಲು ಕೀಳಿಸುವುದಿದ್ದರೂ ಮೊದಲು ಡಾಕ್ಟರಿಗೆ ಲೆಕ್ಕ ಹೇಳಬೇಕು. ಹೇಳುತ್ತೇನೆ, ಖರೇ ಲೆಕ್ಕವನ್ನೇ.

ಮುರಗೆಪ್ಪ ಫೋನ್ ಮಾಡಿದ್ದ. ಗುಳಿಗೆ ಹಿಡಿಸಿದೆ, ಗಂಟು ಬೆಳೆದಿಲ್ಲ, ಅಂಗಡಿಯಲ್ಲಿ ಕೂರುತ್ತಿದ್ದೇನೆ ಎಂದ.

ಭಾನುವಾರ ಊರಿಗೆ ಹೊರಡುತ್ತೇವೆ. ನಿನ್ನ ತಪಾಸಣೆಯ ಮಾತನ್ನು ನೀನು ನುಂಗಿ ಹಾಕಿದ್ದೀ. ನಿನ್ನ ತಮ್ಮನೂ ಕಾಗದ ಓದುವುದು ಕಲಿತಿದ್ದಾನೆ.

ಲಗಮಣ್ಣ


ಮುಚ್ಚಂಡಿ
29 ಅಕ್ಟೋಬರ್ 2024

ಲಗಮಾ,

ನೀನು ಊರಿಗೆ ಬಂದ ಸುದ್ದಿ ಬಂತು. ಓಡಿ ಬರಬೇಕೆನಿಸಿತು, ಆದರೆ ಇದನ್ನು ಎದುರಿಗೆ ಕುಳಿತು ಹೇಳಲಾರೆ. ಈ ಕಾಗದವನ್ನು ಮಂಗಲಳ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ.

ನನಗೂ ಅದೇ ವೈರಸ್ ಇದೆ. ಅವಸರವೇನು ಎಂದು ನಿನಗೆ ಬರೆದ ವಾರದಲ್ಲೇ ತಪಾಸಣೆ ಮಾಡಿಸಿದ್ದೆ. ನಿನ್ನ ಫೋಟೋದ ಸುದ್ದಿ ಬರುವ ತನಕ ಬಾಯಿ ಬಿಡಬಾರದು ಎಂದು ಮಂಗಲಳಿಂದ ಆಣೆ ಹಾಕಿಸಿಕೊಂಡೆ. ನಿನ್ನ ತಲೆಯ ಮೇಲೆ ಇನ್ನೊಂದು ಕಲ್ಲು ಯಾಕೆ ಎಂದು. ಅವಳು ನನ್ನನ್ನು ಮೀರಜದ ದೊಡ್ಡ ಡಾಕ್ಟರಿಗೆ ತೋರಿಸಿದಳು. ಲಿವರ್ ಸ್ವಲ್ಪ ಗಟ್ಟಿಯಾಗಿದೆಯಂತೆ. ಪ್ಲೇಟ್‌ಲೆಟ್ ಒಂದು ಲಕ್ಷ ನಲವತ್ತು ಸಾವಿರ. ಗುಳಿಗೆ ಬರೆದುಕೊಟ್ಟಿದ್ದಾರೆ.

ನೆನಪಿದೆಯೇ, ಅವ್ವನ ಹೊಟ್ಟೆ ಊದಿತ್ತು, ಕಣ್ಣು ಹಳದಿಯಾಗಿದ್ದವು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅಪ್ಪ ಊರೂರು ಅಲೆದ. ಪಾಪ, ಅವ್ವನಿಗೆ ತನ್ನೊಳಗೆ ಏನಿದೆ ಎಂದು ಗೊತ್ತಾಗಲೇ ಇಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಹೆದರಿಕೆ ಇದೆ. ನಿನಗೆ ಧೈರ್ಯ ಹೇಳಿದ ಬಾಯಿಯಲ್ಲಿ ನನಗೇ ಹೇಳಿಕೊಳ್ಳಲು ಏನೂ ಉಳಿದಿಲ್ಲ. ಗುಳಿಗೆಯ ಡಬ್ಬಿ ದೇವರ ಜಗಲಿಯ ಮೇಲಿದೆ, ಇನ್ನೂ ಒಡೆದಿಲ್ಲ.

ಗುರವ್ವ


ಮಾಡಗ್ಯಾಳ
30 ಅಕ್ಟೋಬರ್ 2024

ಅಕ್ಕಾ,

ಎದುರಿಗೆ ಬಂದು ಕೂಗಿ ಹೇಳಿದರೆ ಓಣಿಗೆಲ್ಲ ಕೇಳುತ್ತದೆ, ಅದಕ್ಕೆ ಇದೊಂದು ಕಾಗದ. ಮಂಗಲಳ ಮುಂದಿನ ಟ್ರಿಪ್ಪಿಗೆ ನಿನ್ನ ಕೈ ಸೇರುತ್ತದೆ.

ರಾತ್ರಿ ನಿನ್ನ ಕಾಗದವನ್ನು ಸಂಗವ್ವನಿಗೆ ಓದಿ ಹೇಳಿದೆ. ಅವಳ ತಪಾಸಣೆಯಲ್ಲಿ ಏನೂ ಬರಲಿಲ್ಲ, ಲಸಿಕೆ ಹಾಕಿಸಿಕೊಂಡಿದ್ದಾಳೆ. ನಿನ್ನ ಸುದ್ದಿ ಕೇಳಿ ಅತ್ತಳು. ನನಗೆ ಅಳು ಬರಲಿಲ್ಲ. ಕಲ್ಲೆದೆ ಎಂದುಕೊಳ್ಳಬೇಡ, ಕಾರಣ ಹೇಳುತ್ತೇನೆ.

ಮುಂಬೈಯಲ್ಲಿ ಡಾಕ್ಟರ್ ಬಾಯಿ ಒಂದು ಮಾತು ಹೇಳಿದ್ದರು. ಹತ್ತು ವರ್ಷ ಮೊದಲು ನಿಮ್ಮ ರಕ್ತವನ್ನು ಯಾರಾದರೂ ಪರೀಕ್ಷೆ ಮಾಡಿ ಈ ಗುಳಿಗೆ ಕೊಟ್ಟಿದ್ದರೆ ನೀವು ಬಹುಶಃ ಇಲ್ಲಿಗೆ ಬರುತ್ತಲೇ ಇರಲಿಲ್ಲ, ಅಂದರು. ಆ ರಾತ್ರಿ ನಾನು ಮುರಗೆಪ್ಪ ಕೊಟ್ಟ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಆ ಹತ್ತು ವರ್ಷಗಳಿಗಾಗಿ ಅತ್ತೆ. ನನಗೆ ಮೊದಲು ಸಿಕ್ಕಿದ್ದು ಗಂಟು, ಆಮೇಲೆ ವೈರಸ್. ನಿನಗೆ ವೈರಸ್ ಮೊದಲು ಸಿಕ್ಕಿದೆ, ಗಂಟು ಇಲ್ಲ. ಆ ಹತ್ತು ವರ್ಷ ನಿನ್ನ ಕೈಯಲ್ಲಿವೆ, ಅಕ್ಕಾ. ಅವನ್ನು ಜಗಲಿಯ ಮೇಲೆ ಡಬ್ಬಿಯಲ್ಲಿ ಮುಚ್ಚಿಡಬೇಡ. ನಾನು ಮುಂಬೈಗೆ ಹೋದದ್ದು ನನಗೋಸ್ಕರ ಎಂದು ಇಷ್ಟು ದಿನ ತಿಳಿದಿದ್ದೆ.

ಮಂಗಲ ಗುಳಿಗೆಯ ಫೋಟೋ ತೋರಿಸಿದಳು. ಡಾಕ್ಟರು ನನಗೆ ಕೊಟ್ಟದ್ದೂ ಅದೇ. ಊಟದ ಜೊತೆ ತೆಗೆದುಕೊಳ್ಳಬೇಕು. ಇವತ್ತು ಅಳುವುದಿದ್ದರೆ ಅತ್ತು ಮುಗಿಸು. ನಾಳೆ ಮಧ್ಯಾಹ್ನ ನಿನ್ನ ಮನೆಗೆ ಊಟಕ್ಕೆ ಬರುತ್ತೇನೆ, ನನ್ನ ಡಬ್ಬಿ ತರುತ್ತೇನೆ. ನಿನ್ನದನ್ನು ನಾನೇ ಒಡೆದು ಕೊಡುತ್ತೇನೆ, ಇಬ್ಬರೂ ಕೂಡಿ ನುಂಗೋಣ.

ಲಗಮಣ್ಣ